ಗರಿಗರಿ ಬ್ರೆಡ್ಡನ್ನು ಯಾವಾಗ ತಿನ್ನಬೇಕು, ಯಾವುದರ ಜೊತೆ ತಿನ್ನಬೇಕು?

ಪ್ರಶ್ನೆ: ನಾವು ದಾವಣಗೆರೆಯವರು, ಕಳೆದ ವರ್ಷದಿಂದ ಇಂಗ್ಲೆಂಡಿನ ರೀಡಿಂಗ್‌ನಲ್ಲಿದ್ದೇವೆ. ಮನೆಯ ಹತ್ತಿರದ ಸೂಪರ್‌ಮಾರ್ಕೆಟ್ಟಿನ ಬೇಕರಿ ವಿಭಾಗದಿಂದ ಗರಿಗರಿ ಬ್ರೆಡ್ಡನ್ನು ಇಡಿಯಾಗಿ ತರುತ್ತೇವೆ. ತಂದ ಕೂಡಲೇ ಬಹಳ ಚೆನ್ನಾಗಿರುತ್ತದೆ. ಸಂಜೆಯ ಹೊತ್ತಿಗೆ ಮೇಲ್ಭಾಗ ಎಳೆದರೂ ಹರಿಯದಷ್ಟು ಜಿಗುಟಾಗಿರುತ್ತದೆ, ಮರುದಿನ ಕಲ್ಲಾಗಿರುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಕೆಡುತ್ತದೆ. ನಮ್ಮ ಅತ್ತೆಯವರಿಗೆ ಹಲ್ಲಿನ ಸೆಟ್ಟು ಇರುವುದರಿಂದ ಕಚ್ಚಲು ಆಗುವುದಿಲ್ಲ. ಜ್ಯಾಮ್ ಬಿಟ್ಟರೆ ಇದರ ಜೊತೆ ಏನು ತಿನ್ನಬೇಕೆಂಬುದೂ ನಮಗೆ ಗೊತ್ತಿಲ್ಲ. ನಾವು ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ದಯವಿಟ್ಟು ತಿಳಿಸಿ.

ಉತ್ತರ: ನೀವು ತರುತ್ತಿರುವ ಬ್ರೆಡ್ಡಿನಲ್ಲಿ ದೋಷವೇನೂ ಇಲ್ಲ. ಹೊರಗೆ ಗರಿಗರಿಯಾಗಿದ್ದು ಒಳಗೆ ಮೆತ್ತಗಿರುವ ಬ್ರೆಡ್ಡು ಸ್ವಭಾವತಃ ಅಲ್ಪಾಯುಷಿ. ಅದು ಓವನ್ನಿನಿಂದ ಹೊರಬಂದು ಎಷ್ಟು ಹೊತ್ತಾಯಿತೆಂದು ನೋಡಿಕೊಂಡು, ಅದರ ಜೊತೆಗೆ ಏನಿರಬೇಕೆಂದು ತೀರ್ಮಾನಿಸುವುದು ಸರಿಯಾದ ಕ್ರಮ. ಮೊದಲ ಕೆಲವು ಗಂಟೆಗಳಲ್ಲಿ ಅದಕ್ಕೆ ಜಿಡ್ಡಿನ ಪದಾರ್ಥ ಸಾಕು; ಮರುದಿನಕ್ಕೆ ಬಿಸಿಯಾದ, ಅದ್ದಿಕೊಳ್ಳುವಂಥದ್ದೇನಾದರೂ ಬೇಕು; ಆಮೇಲೆ ಅದನ್ನು ಬ್ರೆಡ್ಡೆಂದು ತಿನ್ನುವ ಬದಲು ಅಡುಗೆಯ ಸಾಮಗ್ರಿಯೆಂದು ಬಳಸುವುದು ಒಳ್ಳೆಯದು. ಜ್ಯಾಮನ್ನು ನಾನು ಈ ಬ್ರೆಡ್ಡಿಗೆ ಶಿಫಾರಸು ಮಾಡುವುದಿಲ್ಲ. ಹೊರಪದರದ ನಸುಗಹಿಯನ್ನು ಸಿಹಿ ಮುಚ್ಚಿಬಿಡುತ್ತದೆ, ನೀವು ಹೆಚ್ಚು ಹಣ ಕೊಟ್ಟಿರುವುದೋ ಆ ಹೊರಪದರಕ್ಕೆ.

ಮೊದಲು, ಸಂಜೆಯೊಳಗೆ ಏನಾಗುತ್ತದೆಂಬುದನ್ನು ನೋಡೋಣ. ಬ್ರೆಡ್ಡು ಬೇಯುವಾಗ ಒಳತಿರುಳಿನಲ್ಲಿ ನೀರು ತುಂಬಿರುವುದರಿಂದ ಅಲ್ಲಿನ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಹೊರಮೈಯ ನೀರು ಬೇಗ ಆವಿಯಾಗಿ ಹೋಗುವುದರಿಂದ ಅಲ್ಲಿ ಮಾತ್ರ ಉಷ್ಣತೆ ಬಹಳ ಮೇಲಕ್ಕೇರುತ್ತದೆ. ಆಗ ಹಿಟ್ಟಿನ ಸಕ್ಕರೆಯ ಅಂಶವೂ ಪ್ರೋಟೀನಿನ ಅಂಶವೂ ಕೂಡಿ ಕಂದುಬಣ್ಣ ಮತ್ತು ಪರಿಮಳ ಹುಟ್ಟುತ್ತವೆ. ಫ್ರಾನ್ಸಿನ ವಿಜ್ಞಾನಿ ಲೂಯಿ ಕಮೀಯ್ ಮೈಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ನಿಮ್ಮನ್ನು ಬೇಕರಿ ವಿಭಾಗದ ಕಡೆಗೆ ಸೆಳೆಯುವ ವಾಸನೆಯಲ್ಲಿ ಮುಖ್ಯವಾದ ಸಂಯುಕ್ತದ ಹೆಸರು 2-ಅಸಿಟೈಲ್-1-ಪಿರೋಲಿನ್. ಬಾಸ್ಮತಿ ಅಕ್ಕಿಯ ಘಮಕ್ಕೂ ಇದೇ ಕಾರಣ, ಆದ್ದರಿಂದ ಆ ವಾಸನೆಗೆ ನೀವು ಮನಸೋಲುವುದರಲ್ಲಿ ಆಶ್ಚರ್ಯವಿಲ್ಲ.

ಹೀಗೆ ಬೆಂದು ಬಂದ ಬ್ರೆಡ್ಡಿನ ತಿರುಳಿನಲ್ಲಿ ಶೇಕಡಾ 40ಕ್ಕೂ ಹೆಚ್ಚು ನೀರಿರುತ್ತದೆ, ಹೊರಪದರದಲ್ಲಿ ತೀರ ಅಲ್ಪ. ತಣ್ಣಗಾದ ಕ್ಷಣದಿಂದಲೇ ಒಳಗಿನ ನೀರು ಹೊರಗಿನ ಒಣ ಪದರಕ್ಕೆ ಸರಿಯತೊಡಗುತ್ತದೆ. ಸಂಜೆಗೆ ನೀವು ಕಾಣುವ ಜಿಗುಟು ಇದೇ. ಮರುದಿನದ ಗಡಸುತನಕ್ಕೆ ಕಾರಣ ಬೇರೆ. ಫ್ರಾನ್ಸಿನವರೇ ಆದ ಜಾನ್ ಬಾಪ್ತಿಸ್ತ್ ಬೂಸಾಂಗೋ 1852ರಲ್ಲೇ ತೋರಿಸಿದಂತೆ, ನೀರು ಆವಿಯಾಗದ ಹಾಗೆ ಬಿಗಿಯಾಗಿ ಮುಚ್ಚಿಟ್ಟ ಬ್ರೆಡ್ಡೂ ಗಡುಸಾಗುತ್ತದೆ, ಮತ್ತೆ ಬಿಸಿ ಮಾಡಿದರೆ ಮೃದುವಾಗುತ್ತದೆ. ಬೇಯುವಾಗ ನೀರುಂಡು ಉಬ್ಬಿದ ಪಿಷ್ಟ ತಣ್ಣಗಾದ ಮೇಲೆ ಮತ್ತೆ ಒತ್ತೊತ್ತಾಗಿ ಜೋಡಿಸಿಕೊಳ್ಳುವುದೇ ಇದಕ್ಕೆ ಕಾರಣ. ರಾತ್ರಿಯ ಅನ್ನ ಬೆಳಿಗ್ಗೆ ಬಿರುಸಾಗುವುದೂ ಇದೇ ಕ್ರಿಯೆಯಿಂದ. ಸೊನ್ನೆಗಿಂತ ಸ್ವಲ್ಪ ಮೇಲಿನ ಉಷ್ಣತೆಯಲ್ಲಿ, ಎಂದರೆ ನಿಮ್ಮ ಫ್ರಿಜ್ಜಿನೊಳಗಿರುವ ಉಷ್ಣತೆಯಲ್ಲಿ, ಈ ಕ್ರಿಯೆ ಅತಿ ವೇಗವಾಗಿ ನಡೆಯುತ್ತದೆ. ಆದಕಾರಣ ಗರಿಗರಿ ಬ್ರೆಡ್ಡನ್ನು ಫ್ರಿಜ್ಜಿನಲ್ಲಿ ಇಡಲೇಬೇಡಿ. ಮಳೆಗಾಲದ ಮಂಗಳೂರಿನಲ್ಲಿ ಎರಡೇ ದಿನಕ್ಕೆ ಬೂಸ್ಟು ಹಿಡಿಯುವ ಬ್ರೆಡ್ಡಿಗೆ ಫ್ರಿಜ್ಜು ಅನಿವಾರ್ಯವಾಗಬಹುದು, ಇಂಗ್ಲೆಂಡಿನ ತಂಪು ಅಡುಗೆಮನೆಗೆ ಆ ಚಿಂತೆ ಅಷ್ಟಿಲ್ಲ.

ಇನ್ನು ಕೊಳ್ಳುವ ವಿಷಯ. ಸೂಪರ್‌ಮಾರ್ಕೆಟ್ಟಿನ ಬೇಕರಿ ವಿಭಾಗದಲ್ಲಿ ಬಿಸಿಬಿಸಿಯಾಗಿ ಸಿಗುವುದೆಲ್ಲ ಅಲ್ಲಿಯೇ ಹಿಟ್ಟು ನಾದಿ ಮಾಡಿದ್ದಲ್ಲ. ಕೆಲವು ಮಳಿಗೆಗಳಲ್ಲಿ ಹಿಟ್ಟಿನಿಂದಲೇ ಆರಂಭಿಸುತ್ತಾರೆ. ಬಹಳಷ್ಟು ಕಡೆ ಕಾರ್ಖಾನೆಯಲ್ಲಿ ಮುಕ್ಕಾಲು ಬೇಯಿಸಿ, ಬಣ್ಣ ಬರುವ ಮೊದಲೇ ತೆಗೆದು ಫ್ರೀಜ್ ಮಾಡಿ ಕಳುಹಿಸಿದ್ದನ್ನು ಮಳಿಗೆಯ ಓವನ್ನಿನಲ್ಲಿ ಕೊನೆಯ ಹಂತಕ್ಕೆ ಮಾತ್ರ ಇಡುತ್ತಾರೆ. 2020ರಲ್ಲಿ ಇಲ್ಲಿನ ದೊಡ್ಡ ಸೂಪರ್‌ಮಾರ್ಕೆಟ್ ಸಂಸ್ಥೆಯಾದ ಟೆಸ್ಕೊ ಕೂಡ ತನ್ನ ಹಲವು ಮಳಿಗೆಗಳಲ್ಲಿ ಹಿಟ್ಟಿನಿಂದ ಬ್ರೆಡ್ಡು ಮಾಡುವುದನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತ್ತು. 2008ರಲ್ಲಿ ಆರಂಭವಾದ, ಸಾಂಪ್ರದಾಯಿಕ ಬ್ರೆಡ್ಡಿನ ಪರವಾಗಿ ಪ್ರಚಾರ ಮಾಡುವ ರಿಯಲ್ ಬ್ರೆಡ್ ಕ್ಯಾಂಪೇನ್‌ನವರು ಇಂಥ ಮಳಿಗೆಗಳನ್ನು ಬ್ರೆಡ್ಡಿಗೆ ಬಿಸಿಲುಬಣ್ಣ ಹಚ್ಚುವ ಸಲೂನುಗಳೆಂದು ಗೇಲಿ ಮಾಡುತ್ತಾರೆ. ಗೇಲಿ ಸೊಗಸಾಗಿದೆ, ಆದರೆ ತಿನ್ನುವವರ ದೃಷ್ಟಿಯಿಂದ ಎರಡು ಹಂತದಲ್ಲಿ ಬೆಂದದ್ದೆಂಬ ಮಾತ್ರಕ್ಕೆ ಬ್ರೆಡ್ಡು ಕೆಟ್ಟದ್ದಾಗುವುದಿಲ್ಲ. ಎರಡು ಸಲ ಬಿಸಿ ಕಂಡಿರುವುದರಿಂದ ಅದು ಬೇಗ ಒಣಗುತ್ತದೆ ಮತ್ತು ಹೊರಪದರ ಸಿಪ್ಪೆಸಿಪ್ಪೆಯಾಗಿ ಉದುರುತ್ತದೆ, ಅಷ್ಟೆ. ಅಂಥದ್ದನ್ನು ತಂದ ದಿನವೇ ಮುಗಿಸಬೇಕು. ಯಾವುದು ಯಾವ ಬಗೆಯದೆಂದು ಬೇಕರಿ ವಿಭಾಗದವರನ್ನು ಕೇಳಿದರೆ ಸಾಮಾನ್ಯವಾಗಿ ಹೇಳುತ್ತಾರೆ, ಎಷ್ಟು ಗಂಟೆಗೆ ಓವನ್ನಿನಿಂದ ತೆಗೆದರೆಂಬುದನ್ನೂ ಅವರಿಂದಲೇ ತಿಳಿದುಕೊಳ್ಳಬಹುದು. ನನ್ನ ಮಟ್ಟಿಗೆ ಎರಡನೆಯ ಪ್ರಶ್ನೆಯೇ ಹೆಚ್ಚು ಉಪಯುಕ್ತ.

ಆರಿಸುವಾಗ ತಿಳಿಹಳದಿ ಬಣ್ಣದ್ದನ್ನು ಬಿಟ್ಟು ಚೆನ್ನಾಗಿ ಕಂದಾಗಿರುವುದನ್ನು ಎತ್ತಿಕೊಳ್ಳಿ. ತಳಭಾಗವನ್ನು ಬೆರಳಿನ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಅಗಲವಾಗಿ ಉಬ್ಬಿ ಮೇಲೆ ಓರೆಗೀರುಗಳಿರುವ ಬ್ಲೂಮರ್ ಎಂಬುದು ನಿಮ್ಮಂಥ ಕುಟುಂಬಕ್ಕೆ ಒಳ್ಳೆಯ ಆರಂಭ. ಅದರ ಹೊರಪದರ ತೆಳ್ಳಗಿರುತ್ತದೆ. ಹಿಟ್ಟನ್ನು ಹುಳಿಬರಿಸಿ ಮಾಡುವ ಸಾವರ್‌ಡೋದ ಹೊರಪದರ ದಪ್ಪ, ಅಗಿಯಲು ಶ್ರಮ ಬೇಕು. ಆದರೆ ಅದರಲ್ಲಿರುವ ಲ್ಯಾಕ್ಟಿಕ್ ಮತ್ತು ಅಸಿಟಿಕ್ ಆಮ್ಲಗಳ ಕಾರಣ ಬೇರೆಯವುಗಳಿಗಿಂತ ಒಂದೆರಡು ದಿನ ಹೆಚ್ಚು ಬಾಳಿಕೆ ಬರುತ್ತದೆ. ಕೋಲಿನಂತೆ ಉದ್ದವಾಗಿರುವ ಬ್ಯಾಗೆಟ್ ಅತ್ಯಂತ ಅಲ್ಪಾಯುಷಿ, ಬೆಳಿಗ್ಗೆ ಬೆಂದದ್ದು ರಾತ್ರಿಗೆ ತೀರಿಹೋದಂತೆಯೇ. ಟೈಗರ್ ಬ್ರೆಡ್ ಎಂಬ, ಮೇಲೆಲ್ಲ ಬಿರುಕುಬಿಟ್ಟ ಪಟ್ಟೆಗಳಿರುವ ಬ್ರೆಡ್ಡನ್ನೂ ನೀವು ನೋಡಿರುತ್ತೀರಿ. ಅದರ ಮೇಲಿರುವುದು ಅಕ್ಕಿಹಿಟ್ಟಿನ ಲೇಪ. ಅಕ್ಕಿಯಲ್ಲಿ ಗೋಧಿಯ ಗ್ಲುಟನ್ ಎಂಬ ಹಿಗ್ಗುವ ಪ್ರೋಟೀನ್ ಇಲ್ಲದಿರುವುದರಿಂದ ಒಳಗಿನ ಹಿಟ್ಟು ಉಬ್ಬಿದಂತೆ ಲೇಪ ಹಿಗ್ಗಲಾರದೆ ಸೀಳುತ್ತದೆ, ಆ ಸೀಳುಗಳೇ ಪಟ್ಟೆಗಳಾಗುತ್ತವೆ. ಮೂಲತಃ ನೆದರ್‌ಲೆಂಡ್ಸಿನ ಈ ಬ್ರೆಡ್ಡು ಹುಲಿಗಿಂತ ಜಿರಾಫೆಯನ್ನೇ ಹೆಚ್ಚು ಹೋಲುತ್ತದೆಂದು ಪುಟ್ಟ ಹುಡುಗಿಯೊಬ್ಬಳು ಬರೆದ ಪತ್ರದಿಂದಾಗಿ 2012ರಲ್ಲಿ ಸೈನ್ಸ್‌ಬರೀಸ್ ಸೂಪರ್‌ಮಾರ್ಕೆಟ್ ಅದರ ಹೆಸರನ್ನೇ ಜಿರಾಫೆ ಬ್ರೆಡ್ ಎಂದು ಬದಲಾಯಿಸಿತು. ಮಕ್ಕಳಿಗೆ ಇದನ್ನೇ ಮೊದಲು ಕೊಡಿ. ಅಕ್ಕಿಯ ಲೇಪ ಕುರುಕುರು ಎನ್ನುತ್ತದೆಯೇ ಹೊರತು ಬಾಯಿಯ ಒಳಭಾಗವನ್ನು ಕೆರೆಯುವುದಿಲ್ಲ.

ಬ್ರೆಡ್ಡು ಬಿಸಿಯಾಗಿದ್ದರೆ ಅದನ್ನು ಪ್ಲಾಸ್ಟಿಕ್ ಕಿಟಕಿಯಿರುವ ಚೀಲದೊಳಗೆ ಬಾಯಿ ಮಡಚಿ ಇಡಬೇಡಿ, ಏಕೆಂದರೆ ಹೊರಬರುವ ಹಬೆ ಮನೆ ತಲುಪುವಷ್ಟರಲ್ಲೇ ಹೊರಪದರವನ್ನು ಒದ್ದೆ ಮಾಡಿಬಿಡುತ್ತದೆ. ಮನೆಗೆ ಬಂದ ಕೂಡಲೇ ಚೀಲದಿಂದ ತೆಗೆದು, ಗಾಳಿ ಕೆಳಗಿನಿಂದಲೂ ಆಡುವಂತೆ ತಂತಿಯ ಜಾಲರಿಯ ಮೇಲಿಡಿ. ಪೂರ್ತಿ ಆರುವ ಮೊದಲು ಕತ್ತರಿಸಿದರೆ ತಿರುಳು ಚಾಕುವಿಗೆ ಅಂಟಿಕೊಂಡು ಮುದ್ದೆಯಾಗುತ್ತದೆ. ಕಾಯಲಾಗದಿದ್ದರೆ ತುದಿಯ ತುಂಡನ್ನು ಕೈಯಿಂದ ಮುರಿದುಕೊಂಡು ತಿನ್ನಿ, ಅದಕ್ಕೇನೂ ಅಡ್ಡಿಯಿಲ್ಲ. ಹಲ್ಲುಹಲ್ಲಾದ ಅಂಚಿರುವ ಉದ್ದನೆಯ ಚಾಕು ಬೇಕೇಬೇಕು, ತರಕಾರಿ ಹೆಚ್ಚುವ ಚಾಕುವಿನಿಂದ ಒತ್ತಿದರೆ ಹೊರಪದರ ಪುಡಿಯಾಗಿ ತಿರುಳು ಕುಗ್ಗುತ್ತದೆ. ಕತ್ತರಿಸಿ ಉಳಿದ ಭಾಗವನ್ನು ಆ ದಿನದ ಮಟ್ಟಿಗೆ ಕತ್ತರಿಸಿದ ಮುಖ ಕೆಳಗಾಗುವಂತೆ ಹಲಗೆಯ ಮೇಲೆ ಹಾಗೆಯೇ ಇಡಬಹುದು. ರಾತ್ರಿಗೆ ಹತ್ತಿಬಟ್ಟೆಯಲ್ಲಿ ಸುತ್ತಿ.

ಮೊದಲ ಕೆಲವು ಗಂಟೆಗಳಲ್ಲಿ ಬೆಣ್ಣೆಗಿಂತ ಮೇಲಾದದ್ದು ಯಾವುದೂ ಇಲ್ಲವೆಂದೇ ನನ್ನ ಅಭಿಪ್ರಾಯ, ಮತ್ತು ಬೆಣ್ಣೆಯ ಬಗ್ಗೆ ದಾವಣಗೆರೆಯವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಒಂದು ಮಾತು ಮಾತ್ರ: ಬ್ರಿಟನ್ನಿನ ಸಾಮಾನ್ಯ ಬೆಣ್ಣೆ ಸಿಹಿಕೆನೆಯದು, ಅದರಲ್ಲಿ ಹುಳಿಯ ಎಳೆಯಿರುವುದಿಲ್ಲ. ಮಜ್ಜಿಗೆ ಕಡೆದು ತೆಗೆದ ಮನೆಬೆಣ್ಣೆಯ ರುಚಿ ಬೇಕೆಂದರೆ ಕೆನೆಯನ್ನು ಹುದುಗಿಸಿ ಮಾಡುವ ಫ್ರಾನ್ಸ್ ಅಥವಾ ಡೆನ್ಮಾರ್ಕಿನ ಬೆಣ್ಣೆಯನ್ನು ಹುಡುಕಿ. ಅದನ್ನು ಊಟಕ್ಕೆ ಅರ್ಧ ಗಂಟೆ ಮೊದಲೇ ಫ್ರಿಜ್ಜಿನಿಂದ ಹೊರಗಿಡಿ, ಕರಗಿಸಬೇಡಿ. ಕರಗಿದ ಬೆಣ್ಣೆ ತಿರುಳಿನೊಳಗೆ ಇಳಿದುಹೋಗುತ್ತದೆ. ಮೆತ್ತಗಾದರೂ ಕರಗದ ಬೆಣ್ಣೆ ಮೇಲೆಯೇ ನಿಂತು, ತುಂಡಿನ ಮುಖದ ಮೇಲಿರುವ ಸಣ್ಣ ದೊಡ್ಡ ತೂತುಗಳನ್ನೆಲ್ಲ ಮುಚ್ಚುತ್ತದೆ. ಈ ಮುಚ್ಚುವ ಗುಣ ಮುಂದೆ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಬೆಣ್ಣೆ ಹಚ್ಚಿದ ಮೇಲೆ ಟೊಮೆಟೊ, ಸೌತೆಕಾಯಿ, ಚಟ್ನಿ ಮುಂತಾದ ನೀರಿನ ಪದಾರ್ಥಗಳನ್ನಿಟ್ಟರೆ ಅವುಗಳ ನೀರು ಬ್ರೆಡ್ಡಿಗೆ ಬೇಗ ಇಳಿಯುವುದಿಲ್ಲ.

ಬೆಣ್ಣೆಯ ನಂತರ ಚೀಸು. ಇಂಗ್ಲೆಂಡಿನ ಪಬ್ಬುಗಳಲ್ಲಿ ಪ್ಲೌಮನ್ಸ್ ಲಂಚ್ ಎಂದು ಬಡಿಸುವ ತಟ್ಟೆಯಲ್ಲಿ ಗರಿಗರಿ ಬ್ರೆಡ್ಡು, ಚೆಡ್ಡಾರ್ ಚೀಸಿನ ದಪ್ಪ ತುಂಡು, ಬೆಣ್ಣೆ, ವಿನಿಗರಿನಲ್ಲಿ ನೆನೆಸಿದ ಈರುಳ್ಳಿ ಮತ್ತು ಸಿಹಿಹುಳಿ ಉಪ್ಪಿನಕಾಯಿ ಇರುತ್ತವೆ. ಹೆಸರು ಕೇಳಿ ಉಳುವ ರೈತನ ಪುರಾತನ ಬುತ್ತಿಯೆಂದುಕೊಳ್ಳುವವರೇ ಹೆಚ್ಚು. ರೈತರು ಬ್ರೆಡ್ಡು ಮತ್ತು ಚೀಸನ್ನು ಹಿಂದಿನಿಂದಲೂ ತಿನ್ನುತ್ತಿದ್ದರೆಂಬುದು ನಿಜವಾದರೂ, ಆ ಹೆಸರಿನ ಊಟ ಜನಪ್ರಿಯವಾದದ್ದು ಯುದ್ಧಕಾಲದ ಪಡಿತರ ಮುಗಿದ ಮೇಲೆ ಚೀಸಿನ ಮಾರಾಟ ಹೆಚ್ಚಿಸಲು 1950ರ ದಶಕದಿಂದ ನಡೆದ ಪ್ರಚಾರದ ಫಲವಾಗಿ. ಪ್ರಚಾರದಿಂದ ಬಂದರೂ ಜೋಡಿ ಮಾತ್ರ ಅಚ್ಚುಕಟ್ಟಾದದ್ದು: ಜಿಡ್ಡು, ಉಪ್ಪು, ಹುಳಿ ಮೂರೂ ಒಂದೇ ತುತ್ತಿನಲ್ಲಿ ಸಿಗುತ್ತವೆ. 1922ರಿಂದ ತಯಾರಾಗುತ್ತಿರುವ ಬ್ರಾನ್‌ಸ್ಟನ್ ಪಿಕಲ್ ಇದಕ್ಕೆ ರೂಢಿಯ ಉಪ್ಪಿನಕಾಯಿ, ಅದರ ಜಾಗದಲ್ಲಿ ನಮ್ಮ ಬೆಲ್ಲ ಹಾಕಿದ ನಿಂಬೆ ಉಪ್ಪಿನಕಾಯಿ ಇನ್ನೂ ಚೆನ್ನಾಗಿ ಕೂರುತ್ತದೆ. ನೀವು ಸಸ್ಯಾಹಾರಿಗಳಾದ್ದರಿಂದ ಚೀಸಿನ ಹೊದಿಕೆಯ ಮೇಲೆ ಸಸ್ಯಾಹಾರಿಗಳಿಗೆ ಸೂಕ್ತವೆಂಬ ಸೂಚನೆಯನ್ನು ನೋಡಿಕೊಳ್ಳಿ. ಹಾಲು ಒಡೆಯಲು ಬಳಸುವ ರೆನೆಟ್ ಕೆಲವು ಚೀಸುಗಳಲ್ಲಿ ಕರುವಿನ ಹೊಟ್ಟೆಯಿಂದ ತೆಗೆದದ್ದಾಗಿರುತ್ತದೆ. ಇಟಲಿಯ ಪಾರ್ಮಿಜಾನೊ ರೆಜಾನೊದಲ್ಲಿ ಯಾವಾಗಲೂ ಅದೇ ಇರುತ್ತದೆ. ಸೂಪರ್‌ಮಾರ್ಕೆಟ್ಟಿನ ಚೆಡ್ಡಾರ್‌ಗಳಲ್ಲಿ ಬಹುಪಾಲು ನಿಮಗೆ ಆಗಿಬರುತ್ತವೆ. ಬ್ರೆಡ್ಡಿನ ವಿಷಯದಲ್ಲೂ ಇ471 ಎಂಬ ಎಮಲ್ಸಿಫಯರ್ (ಜಿಡ್ಡನ್ನೂ ನೀರನ್ನೂ ಬೆರೆಸುವ ಪದಾರ್ಥ) ಸಸ್ಯಮೂಲದ್ದೋ ಪ್ರಾಣಿಮೂಲದ್ದೋ ಎಂದು ಒಮ್ಮೆ ವಿಚಾರಿಸಿಕೊಂಡರೆ ಮನಸ್ಸಿಗೆ ನೆಮ್ಮದಿ.

ನಮ್ಮ ಅಡುಗೆಮನೆಯ ಪದಾರ್ಥಗಳಲ್ಲಿ ಮೊದಲ ದಿನದ ಬ್ರೆಡ್ಡಿಗೆ ಹೇಳಿಮಾಡಿಸಿದ್ದು ಚಟ್ನಿಪುಡಿ. ಬೆಣ್ಣೆ ದಪ್ಪಗೆ ಹಚ್ಚಿ ಮೇಲೆ ಶೇಂಗಾ ಚಟ್ನಿಪುಡಿಯನ್ನೋ ಗುರೆಳ್ಳು ಪುಡಿಯನ್ನೋ ಉದುರಿಸಿ ಬೆರಳಿನಿಂದ ಸ್ವಲ್ಪ ಒತ್ತಿದರೆ ಸಾಕು. ಪುಡಿ ಒಣಗಿರುವುದರಿಂದ ಹೊರಪದರದ ಗರಿಗರಿ ಹಾಗೆಯೇ ಉಳಿಯುತ್ತದೆ. ಎಣ್ಣೆಗಾಯಿಯೂ ಹೊಂದುತ್ತದೆ. ಅದರ ಗಟ್ಟಿ ಮಸಾಲೆಯನ್ನು ಬ್ರೆಡ್ಡಿನ ತುಂಡಿನಿಂದ ಬಳಿದು ತಿನ್ನುವುದು ರೊಟ್ಟಿಯಿಂದ ತಿನ್ನುವುದಕ್ಕಿಂತ ಕೀಳೇನಲ್ಲ. ಟೊಮೆಟೊ ಗೊಜ್ಜು, ಮೆಂತ್ಯದ ಗೊಜ್ಜುಗಳೂ ಆದೀತು. ತೆಂಗಿನಕಾಯಿ ಚಟ್ನಿಯನ್ನು ಮಾತ್ರ ನೀರು ಹಾಕದೆ ಗಟ್ಟಿಯಾಗಿ ಅರೆದುಕೊಳ್ಳಬೇಕು. ಬೀನ್ಸ್ ಪಲ್ಯ, ಕೋಸಿನ ಪಲ್ಯದಂಥ ಉದುರುದುರು ಪಲ್ಯಗಳು ಹೊಂದುವುದಿಲ್ಲ, ಒಣ ಬ್ರೆಡ್ಡಿಗೆ ಒಣ ಪಲ್ಯ ಸೇರಿದರೆ ಗಂಟಲಿನಲ್ಲಿ ನಿಲ್ಲುತ್ತದೆ. ಇಷ್ಟರಲ್ಲಿ ಉಪ್ಪಿನ ಲೆಕ್ಕವನ್ನು ಮರೆಯಬಾರದು. ಅಂಗಡಿಯ ಬ್ರೆಡ್ಡಿನ 100 ಗ್ರಾಮಿನಲ್ಲಿ ಸುಮಾರು 1 ಗ್ರಾಂ ಉಪ್ಪು ಇರುತ್ತದೆ. ಬ್ರಿಟನ್ನಿನಲ್ಲಿ ವಯಸ್ಕರಿಗೆ ದಿನಕ್ಕೆ 6 ಗ್ರಾಂ ಮೀರಬಾರದೆಂಬ ಸಲಹೆಯಿದೆ. ಚಟ್ನಿಪುಡಿ, ಉಪ್ಪಿನಕಾಯಿಗಳ ಜೊತೆ ಉಪ್ಪಿಲ್ಲದ ಬೆಣ್ಣೆಯನ್ನೇ ಬಳಸಿ.

ಸಂಜೆಗೆ ಜಿಗುಟಾದ ಅಥವಾ ಮರುದಿನ ಗಡುಸಾದ ಬ್ರೆಡ್ಡನ್ನು ಸರಿಪಡಿಸಬಹುದು. ಬೂಸಾಂಗೋ ಕಂಡಂತೆ, ಸುಮಾರು 60–70 ಡಿಗ್ರಿ ದಾಟಿದರೆ ಪಿಷ್ಟ ಮತ್ತೆ ಸಡಿಲವಾಗುತ್ತದೆ. ಓವನ್ನನ್ನು 180 ಡಿಗ್ರಿಗೆ ಕಾಯಲು ಬಿಡಿ. ಬ್ರೆಡ್ಡಿನ ಹೊರಪದರವನ್ನು ನಲ್ಲಿಯ ಕೆಳಗೆ ಒಮ್ಮೆ ಆಡಿಸಿ, ಅಥವಾ ಒದ್ದೆಗೈಯಿಂದ ಎಲ್ಲ ಕಡೆ ಸವರಿ; ಕತ್ತರಿಸಿದ ಮುಖಕ್ಕೆ ನೀರು ಸೋಕದಿರಲಿ. ತಟ್ಟೆಯ ಮೇಲಿಡದೆ ನೇರವಾಗಿ ಓವನ್ನಿನ ಜಾಲರಿಯ ಮೇಲಿಡಿ. ಮೇಲಿನ ನೀರು ಹಬೆಯಾಗುವ ತನಕ ಒಳಗು ಒಣಗದೆ ಬಿಸಿಯಾಗುತ್ತದೆ, ಆ ನೀರು ಹೋದ ಮೇಲೆ ಹೊರಪದರ ಮತ್ತೆ ಬಿಗಿದುಕೊಳ್ಳುತ್ತದೆ. ಬ್ಯಾಗೆಟ್ಟಿಗೆ ಐದಾರು ನಿಮಿಷ, ಅರ್ಧ ಬ್ಲೂಮರ್‌ಗೆ ಹತ್ತು ನಿಮಿಷದವರೆಗೆ ಬೇಕಾಗುತ್ತದೆ. ತೆಗೆದ ಮೇಲೆ ಕಿವಿಯ ಹತ್ತಿರ ಹಿಡಿದು ಮೆಲ್ಲನೆ ಅದುಮಿದರೆ ಚಿಟಿಚಿಟಿ ಸದ್ದು ಕೇಳಿಸುತ್ತದೆ. ಅದನ್ನು ಒಂದು ಗಂಟೆಯೊಳಗೆ ತಿಂದು ಮುಗಿಸಬೇಕು. ಹೀಗೆ ಬಿಸಿ ಮಾಡಿದ್ದು ಮೊದಲಿಗಿಂತ ಬೇಗ ಗಡುಸಾಗುತ್ತದೆ ಮತ್ತು ಎರಡನೆಯ ಸಲ ಈ ಉಪಾಯ ಅಷ್ಟಾಗಿ ನಡೆಯುವುದಿಲ್ಲ, ಆದ್ದರಿಂದ ಆ ಹೊತ್ತಿಗೆ ಬೇಕಾದಷ್ಟನ್ನು ಮಾತ್ರ ಕತ್ತರಿಸಿ ಬಿಸಿ ಮಾಡಿ. ಮೈಕ್ರೋವೇವ್ ಬೇಡ. ಅದರಲ್ಲಿ ಹೊರಪದರ ಒಣಗುವುದೇ ಇಲ್ಲ, ಹೊರತೆಗೆದ ಎರಡು ಮೂರು ನಿಮಿಷಗಳಲ್ಲಿ ತಿರುಳೂ ಅಗಿಯಲಾಗದಷ್ಟು ಬಿರುಸಾಗುತ್ತದೆ.

ಮರುದಿನದ ಬ್ರೆಡ್ಡನ್ನು ತುಂಡು ಮಾಡಿ ಸುಟ್ಟರೆ ಸ್ಪೇನಿನ ಕ್ಯಾಟಲೋನಿಯಾದವರ ಕ್ರಮವೊಂದು ನಿಮಗೆ ಬಹಳ ಹಿಡಿಸಬಹುದು. ಬಿಸಿಯಾದ ತುಂಡಿಗೆ ಬೆಳ್ಳುಳ್ಳಿ ಎಸಳನ್ನು ಉಜ್ಜುತ್ತಾರೆ. ಒರಟಾದ ಮೇಲ್ಮೈಗೆ ಅದು ತಾನಾಗಿ ತುರಿದುಕೊಳ್ಳುತ್ತದೆ. ಅದರ ಮೇಲೆ ಹಣ್ಣಾದ ಟೊಮೆಟೊದ ಅರ್ಧ ಹೋಳನ್ನು ಸಿಪ್ಪೆಯೊಂದೇ ಕೈಯಲ್ಲಿ ಉಳಿಯುವ ತನಕ ಉಜ್ಜಿ, ಆಲಿವ್ ಎಣ್ಣೆ ಮತ್ತು ಉಪ್ಪು ಹಾಕಿ ತಿನ್ನುತ್ತಾರೆ. ಇಂಗ್ಲೆಂಡಿನ ಚಳಿಗೆ ಸೂಪು ಇನ್ನೂ ಒಳ್ಳೆಯದು. ಈರುಳ್ಳಿಯ ಜಾತಿಯ ಲೀಕ್ ಮತ್ತು ಆಲೂಗಡ್ಡೆಯ ಸೂಪು ಇಲ್ಲಿ ಎಲ್ಲ ಕಡೆ ಸಿಗುತ್ತದೆ, ಡಬ್ಬಿಯಲ್ಲಿ ಕೊಂಡರೆ ಕೋಳಿಯ ಸಾರ ಸೇರಿಲ್ಲವೆಂದು ಖಚಿತಪಡಿಸಿಕೊಳ್ಳಿ. ನಮ್ಮಲ್ಲಿ ಇದಕ್ಕೆ ಸಮನಾದದ್ದು ಬೇಳೆಕಟ್ಟು ಹೆಚ್ಚಾಗಿರುವ ಟೊಮೆಟೊ ಸಾರು, ಹೆಸರುಬೇಳೆ ತೊವ್ವೆ, ತರಕಾರಿ ಸಾಗು. ತೀರ ತಿಳಿಯಾದ ಸಾರು ಬ್ರೆಡ್ಡಿನಿಂದ ಸೋರಿಹೋಗುತ್ತದೆ; ಚಮಚದ ಬೆನ್ನಿಗೆ ಅಂಟುವಷ್ಟು ಮಂದವಾಗಿದ್ದರೆ ಸರಿ.

ನಿಮ್ಮ ಅತ್ತೆಯವರ ವಿಷಯದಲ್ಲಿ ಹೇಳುವುದಾದರೆ, ಹಲ್ಲಿನ ಸೆಟ್ಟು ಇರುವವರಿಗೆ ಕಷ್ಟ ಕೊಡುವುದು ಗಡಸುತನಕ್ಕಿಂತ ಮುಂಹಲ್ಲಿನಿಂದ ಕಚ್ಚಿ ಎಳೆಯಬೇಕಾದ ಪರಿಸ್ಥಿತಿ. ಆದ್ದರಿಂದ ಅವರಿಗೆ ಬ್ರೆಡ್ಡನ್ನು ಮೊದಲೇ ಬೆರಳಗಲದ ತುಂಡುಗಳಾಗಿ ಮಾಡಿ, ಅಗಲವಾದ ಬಟ್ಟಲಿನಲ್ಲಿ ಹರಡಿ, ಬಿಸಿ ತೊವ್ವೆಯನ್ನೋ ಸಾರನ್ನೋ ಮೇಲೆ ಹುಯ್ದು, ಒಂದು ಚಮಚ ತುಪ್ಪ ಹಾಕಿ ಎರಡು ಮೂರು ನಿಮಿಷ ಮುಚ್ಚಿಡಿ. ಅಷ್ಟರಲ್ಲಿ ಹೊರಪದರವೂ ಮೆತ್ತಗಾಗುತ್ತದೆ, ಆದರೆ ಪ್ಯಾಕೆಟ್ ಬ್ರೆಡ್ಡಿನಂತೆ ಕರಗಿ ಗಂಜಿಯಾಗುವುದಿಲ್ಲ. ಅವರಿಗೆ ಸಾವರ್‌ಡೋ ಬೇಡ, ಬ್ಲೂಮರ್ ಸಾಕು. ಹೊರಪದರ ಬೇಡವೇ ಬೇಡವೆಂದರೆ ಅದನ್ನು ಕತ್ತರಿಸಿ ತೆಗೆದು ಒಣಗಿಸಿ ಪುಡಿ ಮಾಡಿಟ್ಟುಕೊಳ್ಳಿ, ಕಟ್ಲೆಟ್ಟಿಗೆ ಬಳಸಬಹುದು.

ಮೂರನೆಯ ದಿನದ್ದಕ್ಕೆ ಬ್ರೆಡ್ ಉಪ್ಪಿಟ್ಟನ್ನೇ ನಾನು ಮೊದಲು ಹೇಳುವೆನು. ಪ್ಯಾಕೆಟ್ಟಿನ ಮೆತ್ತನೆಯ ಬ್ರೆಡ್ಡಿನಿಂದ ಮಾಡಿದ್ದು ಬಾಣಲೆಯಲ್ಲಿ ಮುದ್ದೆಯಾಗುತ್ತದೆ. ಗಡುಸಾದ ಬ್ಲೂಮರ್‌ನ ಚೌಕಗಳು ಒಗ್ಗರಣೆಯ ಎಣ್ಣೆಯನ್ನೂ ಟೊಮೆಟೊ ರಸವನ್ನೂ ಹೀರಿಕೊಂಡು ಬಿಡಿಬಿಡಿಯಾಗಿಯೇ ಉಳಿಯುತ್ತವೆ. ಒಲೆ ಹಚ್ಚಲು ಮನಸ್ಸಿಲ್ಲದ ಬೇಸಿಗೆಯ ದಿನ ಇಟಲಿಯ ಟಸ್ಕನಿಯ ಪಾಂಜನೆಲ್ಲಾ ಮಾಡಿ: ಗಡುಸು ಬ್ರೆಡ್ಡನ್ನು ನೀರಿನಲ್ಲಿ ನೆನೆಸಿ ಹಿಂಡಿ, ಟೊಮೆಟೊ, ಈರುಳ್ಳಿ, ತುಳಸಿಯ ಜಾತಿಯ ಬೇಸಿಲ್ ಸೊಪ್ಪು, ವಿನಿಗರ್ ಮತ್ತು ಆಲಿವ್ ಎಣ್ಣೆಯೊಡನೆ ಕಲಸಿದರೆ ಮುಗಿಯಿತು. ಬೂಸ್ಟು ಕಂಡರೆ ಮಾತ್ರ ಆ ಭಾಗವನ್ನಷ್ಟೇ ಕಿತ್ತೆಸೆದು ಉಳಿದದ್ದನ್ನು ಬಳಸಬೇಡಿ. ಬ್ರೆಡ್ಡಿನ ತಿರುಳು ಸಡಿಲವಾದ್ದರಿಂದ ಬೂಸ್ಟಿನ ಎಳೆಗಳು ಕಣ್ಣಿಗೆ ಕಾಣುವುದಕ್ಕಿಂತ ಬಹಳ ಒಳಗೆ ಹೋಗಿರುತ್ತವೆ.

ಒಂದು ವೇಳೆ ಇಡೀ ಬ್ರೆಡ್ಡು ಎರಡು ದಿನದಲ್ಲಿ ಮುಗಿಯದು ಎನ್ನಿಸಿದರೆ ತಂದ ದಿನವೇ, ಗಡುಸಾಗುವ ಮೊದಲೇ, ಅರ್ಧವನ್ನು ತುಂಡು ಮಾಡಿ ಗಾಳಿಯಾಡದ ಚೀಲದಲ್ಲಿಟ್ಟು ಫ್ರೀಜರಿಗೆ ಹಾಕಿ. ಫ್ರಿಜ್ಜಿಗೂ ಫ್ರೀಜರಿಗೂ ಇಲ್ಲಿ ಅಜಗಜಾಂತರ: ಮೈನಸ್ 18 ಡಿಗ್ರಿಯಲ್ಲಿ ಪಿಷ್ಟದ ಮರುಜೋಡಣೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಬೇಕಾದಾಗ ತುಂಡುಗಳನ್ನು ಕರಗಲು ಬಿಡದೆ ನೇರವಾಗಿ ಟೋಸ್ಟರಿಗೆ ಇಳಿಸಿ. ರಾತ್ರಿ ಅಂಗಡಿ ಮುಚ್ಚುವ ಮೊದಲು ಹಳದಿ ಚೀಟಿ ಅಂಟಿಸಿ ಕಡಿಮೆ ಬೆಲೆಗೆ ಮಾರುವ ಬ್ರೆಡ್ಡನ್ನು ಕೊಳ್ಳಲು ಹಲವರು ಹಿಂಜರಿಯುತ್ತಾರೆ. ಹಿಂಜರಿಯಬೇಕಾಗಿಲ್ಲ, ಅದು ಬೆಳಗಿನ ಬ್ರೆಡ್ಡೇ, ಹೊರಪದರ ಜಿಗುಟಾಗಿರುತ್ತದೆ ಅಷ್ಟೆ. ಮೇಲೆ ಹೇಳಿದಂತೆ ನೀರು ಸವರಿ ಓವನ್ನಿನಲ್ಲಿಟ್ಟರೆ ಆ ರಾತ್ರಿಯ ಸಾರಿಗೆ ಸರಿಹೋಗುತ್ತದೆ, ಉಳಿದದ್ದು ಫ್ರೀಜರಿಗೆ. ಬ್ಯಾಗೆಟ್ಟನ್ನು ಮಾತ್ರ ಹಾಗೆ ಕೊಳ್ಳಬೇಡಿ.